ಸಿಂಹಾಸನ, ಬಲಿಪೀಠ ಮತ್ತು ಒಂದು ಪ್ರಮಾಣವಚನ

ಫ್ರಾನ್ಸಿನ ಮಹಾಕ್ರಾಂತಿ ಎಂದೊಡನೆ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಕಣ್ಣಿಗೆ ಕಟ್ಟುವ ಚಿತ್ರ ಸಾಮಾನ್ಯವಾಗಿ ಒಂದೇ. ಪ್ಯಾರಿಸ್ ನಗರದ ವಧಾಸ್ಥಾನದಲ್ಲಿ ಸ್ತೋತ್ರಗೀತೆಗಳನ್ನು ಹಾಡುತ್ತ, ಒಬ್ಬರ ಹಿಂದೆ ಒಬ್ಬರಂತೆ ಗಿಲೊಟಿನ್ ಯಂತ್ರದ ಮೆಟ್ಟಿಲೇರಿದ ಕೊಂಪಿಯೇನ್‌ನ ಕಾರ್ಮೆಲ್ ಮಠದ 16 ಮಂದಿ ಸ್ತ್ರೀಯರ ಚಿತ್ರ ಅದು. 1794ರ ಜುಲೈ 17ರಂದು ಪ್ರಾಣತೆತ್ತ ಅವರನ್ನು 1906ರಲ್ಲಿ ಹತ್ತನೆಯ ಪಯಸ್ ಜಗದ್ಗುರುಗಳು ಧನ್ಯರೆಂದು ಘೋಷಿಸಿದರು. 2024ರ ಡಿಸೆಂಬರ್ 18ರಂದು ಪೋಪ್ ಫ್ರಾನ್ಸಿಸರು ಅವರನ್ನು ಸಂತರ ಸಾಲಿಗೆ ಸೇರಿಸಿದರು. ಆ ವಾರ್ತೆಯಿಂದ ನಾವೆಲ್ಲರೂ ಸಂತೋಷಪಟ್ಟೆವು. ಆ ಸಂತೋಷಕ್ಕೆ ಯಾವ ಕುಂದನ್ನೂ ತರುವುದು ಈ ಲೇಖನದ ಉದ್ದೇಶವಲ್ಲ.

ಆದರೆ ಈ ಒಂದು ಚಿತ್ರದಿಂದಲೇ ಇಡೀ ಕ್ರಾಂತಿಯ ಕಥೆಯನ್ನು ನಾವು ಕಟ್ಟಿಕೊಂಡುಬಿಟ್ಟಿದ್ದೇವೆ. ಒಂದು ಕಡೆ ದೇವಭಕ್ತನಾದ ಅರಸ, ಅವನ ಆಶ್ರಯದಲ್ಲಿದ್ದ ಧರ್ಮಸಭೆ. ಮತ್ತೊಂದು ಕಡೆ ದೇವರನ್ನು ದ್ವೇಷಿಸಿದ ಕ್ರಾಂತಿಕಾರಿಗಳು. ಅರಸ ಬಿದ್ದ, ಆದುದರಿಂದ ಧರ್ಮಸಭೆಯೂ ಬಿದ್ದಿತು ಎಂಬುದು ನಮ್ಮಲ್ಲಿ ಅನೇಕರು ಕೇಳಿ ಬೆಳೆದ ಕಥೆ. ಇದರೊಳಗೆ ಸತ್ಯದ ಅಂಶ ಇಲ್ಲವೆಂದಲ್ಲ. ಆದರೆ ಆ ದೇಶದ ಸಾವಿರಾರು ಧರ್ಮಕೇಂದ್ರಗಳಲ್ಲಿದ್ದ ಸಾಮಾನ್ಯ ಗುರುಗಳು ಆ ದಿನಗಳಲ್ಲಿ ಏನು ಮಾಡಿದರು? ಅವರ ಹಳ್ಳಿಗಳ ಜನ ಏನು ಮಾಡಿದರು? ಈ ಪ್ರಶ್ನೆಯನ್ನು ನಾವು ಕೇಳಿದ್ದು ಕಡಿಮೆ.

ಈ ಪ್ರಶ್ನೆಯನ್ನು ತಾಳ್ಮೆಯಿಂದ ಕೇಳಿ ಉತ್ತರ ಹುಡುಕಿದವರು ತಿಮೊಥಿ ಟ್ಯಾಕೆಟ್ ಎಂಬ ಅಮೆರಿಕದ ಇತಿಹಾಸಕಾರರು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಅರ್ವೈನ್ ಶಾಖೆಯಲ್ಲಿ ಪ್ರಾಧ್ಯಾಪಕರಾಗಿದ್ದ ಇವರು, 1977ರಲ್ಲಿ ಪ್ರಕಟಿಸಿದ ಮೊದಲ ಗ್ರಂಥದಲ್ಲಿ ಆಲ್ಪ್ಸ್ ಪರ್ವತಗಳ ಮಡಿಲಿನ ಒಂದೇ ಒಂದು ಧರ್ಮಕ್ಷೇತ್ರದ ಗುರುಗಳ ಬದುಕನ್ನು ಅಭ್ಯಸಿಸಿದರು. 1986ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ಹೊರಬಂದ ಅವರ ಎರಡನೆಯ ಗ್ರಂಥದ ವಿಷಯ 1791ರ ಧರ್ಮಗುರುಗಳ ಪ್ರಮಾಣವಚನ. ದೇಶದ ಪತ್ರಾಗಾರಗಳಲ್ಲಿ ಉಳಿದಿದ್ದ ಪಟ್ಟಿಗಳನ್ನು ಕಲೆಹಾಕಿ, ಯಾವ ಸೀಮೆಯಲ್ಲಿ ಎಷ್ಟು ಗುರುಗಳು ಪ್ರಮಾಣ ಮಾಡಿದರು, ಎಷ್ಟು ಗುರುಗಳು ನಿರಾಕರಿಸಿದರು ಎಂದು ಎಣಿಸಿ, ಅದಕ್ಕೆ ಕಾರಣಗಳನ್ನು ಅವರು ಶೋಧಿಸಿದರು. ಅವರ ಗ್ರಂಥ ಕಥೋಲಿಕರ ಪರ ವಾದವೂ ಅಲ್ಲ, ವಿರೋಧ ವಾದವೂ ಅಲ್ಲ. ಅದು ವಿದ್ವಾಂಸನೊಬ್ಬನ ಎಣಿಕೆ ಮತ್ತು ವಿಚಾರಣೆ. ಆದರೂ ಕಥೋಲಿಕರಾದ ನಾವು ಅದರಿಂದ ಕಲಿಯಬೇಕಾದುದು ಬಹಳವಿದೆ ಎಂಬುದು ನಮ್ಮ ನಂಬಿಕೆ.

ಮೊದಲು ಹಿನ್ನೆಲೆಯನ್ನು ನೋಡೋಣ. ಫ್ರಾನ್ಸಿನ ಅರಸ ತನ್ನನ್ನು ಪರಮ ಕ್ರೈಸ್ತ ಅರಸನೆಂದು ಕರೆದುಕೊಳ್ಳುತ್ತಿದ್ದ. 1775ರ ಜೂನ್ 11ರಂದು ರೇಮ್ಸ್ ನಗರದ ಪ್ರಧಾನಾಲಯದಲ್ಲಿ 16ನೆಯ ಲೂಯಿ ಪವಿತ್ರ ತೈಲದಿಂದ ಅಭಿಷಿಕ್ತನಾದ. 1516ರ ಒಪ್ಪಂದದ ಪ್ರಕಾರ ಧರ್ಮಾಧ್ಯಕ್ಷರನ್ನು ಹೆಸರಿಸುವ ಹಕ್ಕು ಅರಸನದು; ಜಗದ್ಗುರುಗಳು ಅದನ್ನು ಸ್ಥಿರೀಕರಿಸುತ್ತಿದ್ದರು. ಪರಿಣಾಮವಾಗಿ ಕ್ರಾಂತಿಯ ಹೊತ್ತಿಗೆ ಧರ್ಮಾಧ್ಯಕ್ಷರ ಪೀಠಗಳೆಲ್ಲ ಬಹುಮಟ್ಟಿಗೆ ಕುಲೀನ ಮನೆತನಗಳ ಸೊತ್ತಾಗಿದ್ದವು. ಇತ್ತ ಹಳ್ಳಿಯ ಅನೇಕ ಗುರುಗಳಿಗಾದರೋ, ಜನರು ಕೊಟ್ಟ ದಶಾಂಶವನ್ನು ದೂರದ ಮಠಗಳೂ ಧರ್ಮಾಧ್ಯಕ್ಷರೂ ಪಡೆದ ಮೇಲೆ ಉಳಿಯುತ್ತಿದ್ದುದು ಗೊತ್ತುಪಡಿಸಿದ ಒಂದು ಸಣ್ಣ ಮೊತ್ತ. 1786ರಲ್ಲಿ ಅದನ್ನು ಹೆಚ್ಚಿಸಿದ ಮೇಲೂ ವರ್ಷಕ್ಕೆ 700 ಲೀವ್ರ್ ಮಾತ್ರ.

ಅರಸರ ಈ ಆಶ್ರಯ ಎಂಥದ್ದಾಗಿತ್ತೆಂದು ತಿಳಿಯಲು ಕನ್ನಡ ನಾಡಿಗೂ ತಟ್ಟಿದ ಒಂದು ಉದಾಹರಣೆ ಸಾಕು. ಯೇಸುಸಭೆಯನ್ನು ಪೋರ್ಚುಗಲ್ 1759ರಲ್ಲಿ ಹೊರಗಟ್ಟಿತು. ಫ್ರಾನ್ಸಿನ 15ನೆಯ ಲೂಯಿ 1764ರಲ್ಲಿ ತನ್ನ ರಾಜ್ಯದಲ್ಲಿ ಅದನ್ನು ರದ್ದುಮಾಡಿದ. ಸ್ಪೇನಿನ ಅರಸ 1767ರಲ್ಲಿ ಅದೇ ದಾರಿ ಹಿಡಿದ. ಈ ಕಥೋಲಿಕ ಆಸ್ಥಾನಗಳ ಒತ್ತಡಕ್ಕೆ ಮಣಿದು 14ನೆಯ ಕ್ಲೆಮೆಂಟ್ ಜಗದ್ಗುರುಗಳು 1773ರಲ್ಲಿ ಯೇಸುಸಭೆಯನ್ನೇ ವಿಸರ್ಜಿಸಿದರು. 17ನೆಯ ಶತಮಾನದಿಂದ ಶ್ರೀರಂಗಪಟ್ಟಣದ ಸುತ್ತ ಕನ್ನಡದಲ್ಲಿ ಧರ್ಮೋಪದೇಶ ಮಾಡುತ್ತ ಬಂದ ಮೈಸೂರು ಮಿಶನ್ ಇದರಿಂದ ಅನಾಥವಾಯಿತು. ಅದನ್ನು ಅನಾಥಗೊಳಿಸಿದವರು ಕ್ರಾಂತಿಕಾರಿಗಳಲ್ಲ, ನಾಸ್ತಿಕರೂ ಅಲ್ಲ. ತೈಲಾಭಿಷಿಕ್ತರಾದ ಕಥೋಲಿಕ ಅರಸರು. ಇದನ್ನು ನಾವು ಮರೆಯಬಾರದು.

1789ರಲ್ಲಿ ಅರಸ ಮೂರು ವರ್ಗಗಳ ಮಹಾಸಭೆಯನ್ನು ವರ್ಸಾಯ್‌ಗೆ ಕರೆದಾಗ, ಧರ್ಮಗುರುಗಳ ವರ್ಗದ ಪ್ರತಿನಿಧಿಗಳಲ್ಲಿ ಸುಮಾರು ಮೂರನೆಯ ಎರಡು ಭಾಗ ಸಾಮಾನ್ಯ ಧರ್ಮಕೇಂದ್ರಗಳ ಗುರುಗಳೇ ಆಗಿದ್ದರು. ಜನಸಾಮಾನ್ಯರ ಮೂರನೆಯ ವರ್ಗ ಒಂದೇ ರಾಷ್ಟ್ರಸಭೆಯಾಗಿ ಕೂಡಲು ಹಟಹಿಡಿದಾಗ, ಜೂನ್ 13ರಂದು ಮೊದಲು ಹೋಗಿ ಅವರೊಡನೆ ಕುಳಿತವರು ಪ್ವಾತು ಸೀಮೆಯ ಮೂವರು ಗುರುಗಳು. ಜೂನ್ 19ರಂದು ಅಲ್ಪ ಬಹುಮತದಿಂದ ಧರ್ಮಗುರುಗಳ ವರ್ಗವೇ ಆ ಕಡೆಗೆ ವಾಲಿತು. ಆದುದರಿಂದ ಕ್ರಾಂತಿಯ ತೊಟ್ಟಿಲು ತೂಗಿದ ಕೈಗಳಲ್ಲಿ ಬಲಿಪೂಜೆ ಅರ್ಪಿಸುವ ಕೈಗಳೂ ಇದ್ದವು. ತಮ್ಮ ಹಳ್ಳಿಯ ಬಡವರ ಮೇಲಿನ ತೆರಿಗೆಯ ಭಾರವನ್ನು ಪ್ರತಿದಿನ ಕಂಡ ಆ ಗುರುಗಳು ನ್ಯಾಯವನ್ನು ಬಯಸಿದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಬಿರುಕು ಬಿಟ್ಟದ್ದು ಎಲ್ಲಿ? 1789ರ ನವೆಂಬರ್ 2ರಂದು ಧರ್ಮಸಭೆಯ ಆಸ್ತಿಯನ್ನು ರಾಷ್ಟ್ರದ ವಶಕ್ಕೆ ಒಪ್ಪಿಸಲಾಯಿತು. 1790ರ ಫೆಬ್ರವರಿಯಲ್ಲಿ ಮಠಗಳ ಶಾಶ್ವತ ವ್ರತಗಳಿಗೆ ಕಾನೂನಿನ ಮಾನ್ಯತೆ ತಪ್ಪಿತು. ಇವನ್ನು ಕೂಡ ಅನೇಕ ಗುರುಗಳು ಸಹಿಸಿಕೊಂಡರು. ಆದರೆ ಜುಲೈ 12ರಂದು ರಾಷ್ಟ್ರಸಭೆ ಅಂಗೀಕರಿಸಿದ ಧರ್ಮಗುರುಗಳ ನಾಗರಿಕ ಸಂವಿಧಾನವು ಧರ್ಮಸಭೆಯ ಒಳಮನೆಗೇ ಕೈಹಾಕಿತು. 130ಕ್ಕೂ ಮಿಕ್ಕಿದ್ದ ಧರ್ಮಕ್ಷೇತ್ರಗಳು ಆಡಳಿತ ವಿಭಾಗಗಳಿಗೆ ಸರಿಯಾಗಿ 83ಕ್ಕೆ ಇಳಿದವು. ಧರ್ಮಾಧ್ಯಕ್ಷರನ್ನೂ ಗುರುಗಳನ್ನೂ ಇನ್ನು ಮುಂದೆ ಮತದಾರರು ಚುನಾಯಿಸತಕ್ಕದ್ದೆಂದಾಯಿತು. ಆ ಮತದಾರರಲ್ಲಿ ಕಥೋಲಿಕರಲ್ಲದವರೂ ಇರಬಹುದಾಗಿತ್ತು. ಚುನಾಯಿತನಾದ ಧರ್ಮಾಧ್ಯಕ್ಷ ರೋಮಿಗೆ ಒಂದು ಪತ್ರ ಬರೆದು ತಿಳಿಸಿದರೆ ಸಾಕು. ಜಗದ್ಗುರುಗಳ ಸ್ಥಿರೀಕರಣ ಬೇಕಿಲ್ಲ. ಇದೇ ಕಾನೂನು ಹಳ್ಳಿಯ ಗುರುವಿನ ಕನಿಷ್ಠ ವೇತನವನ್ನು 1,200 ಲೀವ್ರ್‌ಗೆ ಏರಿಸಿತು ಎಂಬುದನ್ನೂ ನೆನಪಿಡಬೇಕು. ಬಡ ಗುರುವಿನ ಮುಂದೆ ಒಳ್ಳೆಯ ಅನ್ನದ ತಟ್ಟೆಯೂ ಕಠಿಣವಾದ ಪ್ರಶ್ನೆಯೂ ಒಟ್ಟಿಗೆ ಬಂದು ನಿಂತವು.

ನವೆಂಬರ್ 27ರಂದು ಆ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದಂತೆ ಮಾಡಲಾಯಿತು. ಧರ್ಮಕೇಂದ್ರದ ಹೊಣೆ ಹೊತ್ತ ಪ್ರತಿಯೊಬ್ಬ ಗುರುವೂ, ಭಾನುವಾರದ ಬಲಿಪೂಜೆಯಾದ ಮೇಲೆ ತನ್ನ ಜನರ ಎದುರಿನಲ್ಲೇ, ರಾಷ್ಟ್ರಕ್ಕೂ ಕಾನೂನಿಗೂ ಅರಸನಿಗೂ ನಿಷ್ಠನಾಗಿದ್ದು ಸಂವಿಧಾನವನ್ನು ಕಾಪಾಡುವೆನೆಂದು ಪ್ರಮಾಣ ಮಾಡಬೇಕು. ಮಾಡದವನು ಸ್ಥಾನವನ್ನು ಬಿಡಬೇಕು. ಡಿಸೆಂಬರ್ 26ರಂದು 16ನೆಯ ಲೂಯಿ ಮನಸ್ಸಿಲ್ಲದ ಮನಸ್ಸಿನಿಂದ ಇದಕ್ಕೆ ಸಮ್ಮತಿ ಕೊಟ್ಟ. ಅರಸನಿಗೆ ನಿಷ್ಠೆ ತೋರುವ ಮಾತು ಪ್ರಮಾಣದಲ್ಲೇ ಇತ್ತು. ಅರಸನ ಒಪ್ಪಿಗೆಯೂ ಅದರ ಮೇಲಿತ್ತು. ಆದುದರಿಂದ ಆ ಭಾನುವಾರಗಳಂದು ಗುರುಗಳ ಮುಂದಿದ್ದ ಆಯ್ಕೆ ಅರಸನೋ ಕ್ರಾಂತಿಯೋ ಎಂಬುದಾಗಿರಲಿಲ್ಲ. ನಿರಾಕರಿಸಿದ ಗುರು ಅಕ್ಷರಶಃ ಅರಸನ ಕಾನೂನನ್ನೇ ನಿರಾಕರಿಸುತ್ತಿದ್ದ. ರೋಮ್ ಇನ್ನೂ ಮಾತಾಡಿರಲಿಲ್ಲ. ಆರನೆಯ ಪಯಸ್ ಜಗದ್ಗುರುಗಳ ಖಂಡನೆ ಹೊರಬಿದ್ದದ್ದು 1791ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಬಹುಪಾಲು ಗುರುಗಳು ಒಂದಲ್ಲ ಒಂದು ತೀರ್ಮಾನಕ್ಕೆ ಬಂದಾಗಿತ್ತು.

ಇನ್ನು ಟ್ಯಾಕೆಟ್ ಅವರ ಎಣಿಕೆ. ಧರ್ಮಕ್ಷೇತ್ರಗಳನ್ನು ಆಳುತ್ತಿದ್ದ ಧರ್ಮಾಧ್ಯಕ್ಷರಲ್ಲಿ ಪ್ರಮಾಣ ಮಾಡಿದವರು ನಾಲ್ವರು ಮಾತ್ರ. ಆದರೆ ಧರ್ಮಕೇಂದ್ರಗಳ ಗುರುಗಳಲ್ಲಿ ನೂರಕ್ಕೆ ಸುಮಾರು 52ರಿಂದ 55 ಮಂದಿ ಪ್ರಮಾಣ ಮಾಡಿದರು, ಉಳಿದವರು ನಿರಾಕರಿಸಿದರು. ಅಂದರೆ ಧರ್ಮಸಭೆ ಹೆಚ್ಚುಕಡಿಮೆ ನಟ್ಟನಡುವೆ ಸೀಳಿತು. ಸೀಳು ಎಲ್ಲೆಡೆ ಒಂದೇ ಸಮನಾಗಿರಲಿಲ್ಲ. ಪಶ್ಚಿಮದ ಬ್ರಿಟನಿ ಮತ್ತು ವಾಂದೇ, ಉತ್ತರದ ಫ್ಲಾಂಡರ್ಸ್, ಪೂರ್ವದ ಅಲ್ಸಾಸ್, ದಕ್ಷಿಣದ ನಡುಗುಡ್ಡಗಳ ಸೀಮೆ, ಇಲ್ಲೆಲ್ಲ ನಿರಾಕರಿಸಿದವರೇ ಹೆಚ್ಚು. ಪ್ಯಾರಿಸ್ ಸುತ್ತಣ ಬಯಲುಸೀಮೆ, ದೇಶದ ನಡುಭಾಗ, ಆಗ್ನೇಯದ ದೋಫಿನೇ ಮತ್ತು ಪ್ರೊವಾನ್ಸ್‌ಗಳಲ್ಲಿ ಪ್ರಮಾಣ ಮಾಡಿದವರದೇ ಮೇಲುಗೈ.

ಒಂದೇ ವಿಶ್ವಾಸ, ಒಂದೇ ಬಲಿಪೂಜೆ, ಒಂದೇ ಬಗೆಯ ಗುರುಮಠದ ಶಿಕ್ಷಣ ಪಡೆದವರಲ್ಲಿ ಈ ಅಂತರವೇಕೆ? ಪ್ರಮಾಣ ಮಾಡಿದವರೆಲ್ಲ ಹೇಡಿಗಳು, ನಿರಾಕರಿಸಿದವರೆಲ್ಲ ವೀರರು ಎಂಬ ವಿವರಣೆ ಈ ಭೂಪಟದ ಮುಂದೆ ನಿಲ್ಲುವುದಿಲ್ಲ. ಧೈರ್ಯವನ್ನು ದೇವರು ಜಿಲ್ಲೆಗಳ ಲೆಕ್ಕದಲ್ಲಿ ಹಂಚುವುದಿಲ್ಲವಷ್ಟೆ. ಟ್ಯಾಕೆಟ್ ಅವರು ಗುರುಗಳೇ ಬರೆದಿಟ್ಟ ವಿವರಣೆಗಳನ್ನು ಓದಿದರು. ಪ್ರಮಾಣ ಮಾಡಿದವರಲ್ಲಿ ಅನೇಕರು ತಾವು ಜನರ ಸೇವಕರು, ನಾಗರಿಕರು, ತಮ್ಮ ಹಿಂಡನ್ನು ಬಿಟ್ಟುಹೋಗಲಾರೆವು ಎಂದಿದ್ದರು. ನಿರಾಕರಿಸಿದವರು ಧರ್ಮಾಧ್ಯಕ್ಷರ ಮತ್ತು ಜಗದ್ಗುರುಗಳ ಅಧಿಕಾರವನ್ನೂ ತಮ್ಮ ಮನಸ್ಸಾಕ್ಷಿಯನ್ನೂ ಮುಂದಿಟ್ಟಿದ್ದರು. ಆತ್ಮಿಕ ವಿಷಯಗಳನ್ನು ಹೊರತುಪಡಿಸಿ ಎಂಬ ಮಾತನ್ನು ಸೇರಿಸಿ ಪ್ರಮಾಣ ಮಾಡಲು ಯತ್ನಿಸಿದವರೂ ಉಂಟು. ಜಗದ್ಗುರುಗಳ ಖಂಡನೆಯನ್ನು ಕೇಳಿದ ಮೇಲೆ ಹಿಂತೆಗೆದುಕೊಂಡವರೂ ಉಂಟು.

ಇನ್ನೂ ಮುಖ್ಯವಾದುದು ಗುರು ಮತ್ತು ಜನರ ನಡುವಣ ಸಂಬಂಧ. ಪಶ್ಚಿಮ ಸೀಮೆಯಲ್ಲಿ ಗುರುಗಳು ಬಹುಮಟ್ಟಿಗೆ ಆ ನೆಲದ ಹಳ್ಳಿಗಳಲ್ಲೇ ಹುಟ್ಟಿದವರು. ಒಂದೊಂದು ಧರ್ಮಕೇಂದ್ರದಲ್ಲೂ ಸಹಾಯಕ ಗುರುಗಳ ಸಣ್ಣ ಬಳಗವಿತ್ತು. ಜನರ ಸುಖದುಃಖಗಳೆಲ್ಲ ಇಗರ್ಜಿಯ ಅಂಗಳದಲ್ಲೇ ಸೇರುತ್ತಿದ್ದವು. ಪ್ಯಾರಿಸ್ ಬಯಲಿನಲ್ಲಿ ದೈವಕರೆಗಳು ಕಡಿಮೆ. ಹೊರಗಿನಿಂದ ಬಂದ ಗುರು ಒಂಟಿಯಾಗಿ ಬಾಳುತ್ತಿದ್ದ. ಜನರ ಬದುಕು ಇಗರ್ಜಿಯ ಹೊರಗೆ ಬೇರೆ ದಾರಿ ಹಿಡಿದಾಗಿತ್ತು. ಜನರ ಮನಸ್ಸೇ ಅನೇಕ ಕಡೆ ಗುರುವಿನ ನಿರ್ಧಾರವನ್ನು ತಿದ್ದಿತು. ಕೆಲವು ಊರುಗಳಲ್ಲಿ ನಮ್ಮ ಗುರುಗಳು ಪ್ರಮಾಣ ಮಾಡಲಿ, ನಮ್ಮನ್ನು ಬಿಟ್ಟುಹೋಗದಿರಲಿ ಎಂದು ಜನ ಒತ್ತಾಯಿಸಿದರು. ಬೇರೆ ಊರುಗಳಲ್ಲಿ ಪ್ರಮಾಣ ಮಾಡಿ ಬಂದ ಹೊಸ ಗುರುವನ್ನು ಹೆಂಗಸರೇ ಇಗರ್ಜಿಯ ಬಾಗಿಲಲ್ಲಿ ತಡೆದರು.

ಟ್ಯಾಕೆಟ್ ಅವರ ಭೂಪಟ ಇಲ್ಲಿಗೇ ನಿಲ್ಲುವುದಿಲ್ಲ. 1947ರಲ್ಲಿ ಕ್ಯಾನನ್ ಫೆರ್ನಾಂ ಬುಲಾರ್ ಎಂಬ ಫ್ರೆಂಚ್ ಗುರು, ತಮ್ಮ ದೇಶದ ಹಳ್ಳಿಗಳಲ್ಲಿ ಭಾನುವಾರದ ಪೂಜೆಗೆ, ಪಾಸ್ಖ ಕಾಲದ ಪರಮಪ್ರಸಾದಕ್ಕೆ ಜನ ಎಲ್ಲಿ ಹೆಚ್ಚು ಬರುತ್ತಾರೆ, ಎಲ್ಲಿ ಕಡಿಮೆ ಎಂಬುದರ ಭೂಪಟವೊಂದನ್ನು ಪ್ರಕಟಿಸಿದ್ದರು. 1791ರ ಪ್ರಮಾಣವಚನದ ಭೂಪಟವನ್ನು ಅದರ ಪಕ್ಕದಲ್ಲಿಟ್ಟರೆ ಎರಡೂ ಬೆರಗಾಗುವಷ್ಟು ಹೋಲುತ್ತವೆ. ಗುರುಗಳು ಪ್ರಮಾಣವನ್ನು ನಿರಾಕರಿಸಿದ ಸೀಮೆಗಳೇ ಬಹುಮಟ್ಟಿಗೆ 150 ವರ್ಷಗಳ ನಂತರವೂ ಪೂಜೆಗೆ ತುಂಬಿ ಬರುತ್ತಿದ್ದ ಸೀಮೆಗಳು. ಅರಸರು ಹೋದರು, ಚಕ್ರವರ್ತಿಗಳು ಬಂದುಹೋದರು, ಗಣರಾಜ್ಯಗಳು ಸ್ಥಾಪನೆಯಾದವು, ಎರಡು ಮಹಾಯುದ್ಧಗಳೂ ಮುಗಿದವು. ಮನೆ ಮತ್ತು ಧರ್ಮಕೇಂದ್ರ ಕಟ್ಟಿದ ಬಂಧ ಮಾತ್ರ ತನ್ನ ಗುರುತನ್ನು ಉಳಿಸಿಕೊಂಡಿತ್ತು. ನಮ್ಮ ದೃಷ್ಟಿಯಲ್ಲಿ ಈ ಗ್ರಂಥದ ಅತ್ಯಂತ ದೊಡ್ಡ ಪಾಠ ಇದೇ.

ಸಿಂಹಾಸನವು ಇದರ ನಡುವೆ ಏನಾಯಿತು? 1791ರ ಏಪ್ರಿಲ್ 18ರಂದು, ಪವಿತ್ರ ವಾರದ ಸೋಮವಾರ, ಅರಸನ ಪರಿವಾರ ಸಾಂ-ಕ್ಲೂ ಅರಮನೆಗೆ ಹೊರಟಿತು. ಪ್ರಮಾಣ ಮಾಡದ ಗುರುವಿನ ಕೈಯಿಂದ ಪಾಸ್ಖ ಹಬ್ಬದ ಸಂಸ್ಕಾರಗಳನ್ನು ಪಡೆಯುವುದಕ್ಕಾಗಿಯೇ ಅರಸ ಹೊರಟಿದ್ದಾನೆಂದು ಪ್ಯಾರಿಸಿನ ಜನ ಶಂಕಿಸಿ ಬಂಡಿಯನ್ನು ಕದಲಗೊಡಲಿಲ್ಲ. ತಾನೇ ಸಮ್ಮತಿಯಿತ್ತ ಕಾನೂನನ್ನು ಒಪ್ಪಿ ಪ್ರಮಾಣ ಮಾಡಿದ ಗುರುಗಳನ್ನು ಅರಸನ ಮನಸ್ಸಾಕ್ಷಿ ಒಪ್ಪಿರಲಿಲ್ಲ. ಜೂನ್ 20ರ ರಾತ್ರಿ ಆತ ಕುಟುಂಬಸಮೇತ ಓಡಿಹೋಗಲು ಯತ್ನಿಸಿ ವರೆನ್ ಎಂಬ ಊರಿನಲ್ಲಿ ಸಿಕ್ಕಿಬಿದ್ದ. ಈ ಪ್ರಸಂಗವನ್ನೇ ಟ್ಯಾಕೆಟ್ ಅವರು 2003ರಲ್ಲಿ ಪ್ರಕಟವಾದ ಮತ್ತೊಂದು ಗ್ರಂಥದಲ್ಲಿ ವಿವರಿಸಿದ್ದಾರೆ. ಅಂದಿನಿಂದ ಪ್ರಮಾಣ ಮಾಡದ ಗುರು ಎಂದರೆ ಓಡಿಹೋಗುವ ಅರಸನ ಗೂಢಚಾರ ಎಂಬ ಸಂಶಯ ಜನರಲ್ಲಿ ಬೇರೂರಿತು. ಮನಸ್ಸಾಕ್ಷಿಯ ಮಾತಾಗಿದ್ದುದು ರಾಜದ್ರೋಹ, ರಾಷ್ಟ್ರದ್ರೋಹಗಳ ಮಾತಾಯಿತು. ಸಿಂಹಾಸನದೊಡನೆ ಬೆಸೆದುಕೊಂಡಿದ್ದಕ್ಕೆ ಬಲಿಪೀಠ ತೆತ್ತ ಬೆಲೆ ಅದು.

ಆ ಬೆಲೆ ರಕ್ತದಲ್ಲೇ ಸಂದಾಯವಾಯಿತು. 1792ರ ಸೆಪ್ಟೆಂಬರ್‌ನಲ್ಲಿ ಪ್ಯಾರಿಸಿನ ಸೆರೆಮನೆಗಳಲ್ಲಿ ನಡೆದ ಹತ್ಯೆಯಲ್ಲಿ 200ಕ್ಕೂ ಮಿಕ್ಕಿ ಧರ್ಮಗುರುಗಳು ಮಡಿದರು. ಆ ದಿನಗಳ ಬಲಿಗಳಲ್ಲಿ 191 ಮಂದಿಯನ್ನು 1926ರಲ್ಲಿ ಧನ್ಯರೆಂದು ಘೋಷಿಸಲಾಯಿತು. 1793ರ ಮಾರ್ಚ್‌ನಲ್ಲಿ ವಾಂದೇ ಸೀಮೆ ದಂಗೆಯೆದ್ದಿತು. ಅದನ್ನು ಅಡಗಿಸಿದ ಬಗೆ ಅತಿ ಕ್ರೂರವಾಗಿತ್ತು. ಆದರೆ ಪ್ರಮಾಣ ಮಾಡಿದ ಗುರುಗಳಿಗೂ ಸುಖವಿರಲಿಲ್ಲ. 1793ರ ನವೆಂಬರ್‌ನಲ್ಲಿ ಪ್ಯಾರಿಸಿನ ಚುನಾಯಿತ ಧರ್ಮಾಧ್ಯಕ್ಷ ಗೊಬೆಲ್ ಒತ್ತಡಕ್ಕೆ ಮಣಿದು ಪದವಿಯನ್ನು ತ್ಯಜಿಸಿದರು; ಆದರೂ ಮರುವರ್ಷ ಗಿಲೊಟಿನ್‌ಗೆ ಆಹುತಿಯಾದರು. ಅದೇ ಸಮಯದಲ್ಲಿ, ಪ್ರಮಾಣ ಮಾಡಿದವರಲ್ಲಿ ಮೊದಲಿಗರಾಗಿದ್ದ ಗ್ರೆಗ್ವಾರ್ ಎಂಬವರು ಸಭೆಯ ನಡುವೆ ನಿಂತು, ತಾನು ಕ್ರೈಸ್ತನಾಗಿಯೂ ಧರ್ಮಾಧ್ಯಕ್ಷನಾಗಿಯೂ ಉಳಿಯುವೆನೆಂದು ನಿರ್ಭಯವಾಗಿ ಹೇಳಿದರು. ಗುಲಾಮರ ಬಿಡುಗಡೆಗಾಗಿ, ಯೆಹೂದ್ಯರ ಹಕ್ಕುಗಳಿಗಾಗಿ ಹೋರಾಡಿದವರೂ ಇವರೇ. ಇವರನ್ನು ಯಾವ ಸಾಲಿಗೆ ಸೇರಿಸೋಣ? ನಮ್ಮ ಹಳೆಯ ಕಥೆಯಲ್ಲಿ ಇಂಥವರಿಗೆ ಸ್ಥಳವೇ ಇಲ್ಲ.

ಈ ಬಿರುಗಾಳಿಯ ಒಂದು ಎಲೆ ನಮ್ಮ ನಾಡಿನಲ್ಲೂ ಬಂದು ಬಿದ್ದಿತು. ಪ್ರಮಾಣ ಮಾಡಿದ ನಾಲ್ವರು ಧರ್ಮಾಧ್ಯಕ್ಷರಲ್ಲಿ ಒಬ್ಬರು ವಿವಿಯೆ ಧರ್ಮಕ್ಷೇತ್ರದ ಸವೀನ್. ಅದೇ ಧರ್ಮಕ್ಷೇತ್ರದ ಯುವಕನೊಬ್ಬ 1792ರಲ್ಲಿ ಗುರುದೀಕ್ಷೆ ಪಡೆದು, ಪ್ಯಾರಿಸಿನ ವಿದೇಶೀ ಮಿಶನ್ ಸಂಸ್ಥೆಯ ಮೂಲಕ ಅದೇ ವರ್ಷ ಭಾರತಕ್ಕೆ ಹೊರಟ. ಅವರೇ ಮೈಸೂರು ಸೀಮೆಯಲ್ಲಿ ದೊಡ್ಡಸ್ವಾಮಿ ಎನಿಸಿದ ಅಬ್ಬೆ ದುಬುವಾ. ಕಥೋಲಿಕ ಅರಸರು ಅನಾಥಗೊಳಿಸಿದ ಮಿಶನ್ನಿಗೆ ಕ್ರಾಂತಿಯ ನಾಡಿನಿಂದಲೇ ಒಬ್ಬ ಕುರುಬ ಬಂದಂತಾಯಿತು. 1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ಮೇಲೆ ಅಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಅವರು ಮತ್ತೆ ಒಗ್ಗೂಡಿಸಿದರು. ಇಲ್ಲಿನ ಜನರಂತೆ ಉಡುಗೆ ತೊಟ್ಟು, ಇಲ್ಲಿನ ಆಚಾರ ವಿಚಾರಗಳನ್ನು ಕುರಿತು ಅವರು ಬರೆದ ಗ್ರಂಥ 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. 1823ರಲ್ಲಿ ತಾಯ್ನಾಡಿಗೆ ಮರಳಿದ ಅವರು 1848ರಲ್ಲಿ ತೀರಿಕೊಂಡರು. ಅವರ ಎಲ್ಲ ಅಭಿಪ್ರಾಯಗಳನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಮೂರು ದಶಕಗಳ ಕಾಲ ಅವರ ಸೇವೆ ನಡೆದದ್ದು ಯಾವ ಕಥೋಲಿಕ ಅರಸನ ಕೊಡೆಯ ಕೆಳಗೂ ಅಲ್ಲ ಎಂಬುದು ಗಮನಾರ್ಹ.

ಕರಾವಳಿಯ ನಮಗೂ ಸಿಂಹಾಸನದ ಆಶ್ರಯದ ಅನುಭವ ಉಂಟು. ಪೋರ್ಚುಗಲ್ ಅರಸನ ಪದ್ರೊವಾದೊ ಹಕ್ಕಿನ ನೆರಳಿನಲ್ಲಿ ನಮ್ಮ ಎಷ್ಟೋ ಇಗರ್ಜಿಗಳು ಎದ್ದುನಿಂತವು, ಅದಕ್ಕಾಗಿ ಕೃತಜ್ಞರಾಗಿರೋಣ. ಆದರೆ ಲಿಸ್ಬನ್ ಮತ್ತು ರೋಮ್ ನಡುವೆ ವಿರಸ ಹುಟ್ಟಿ, 1838ರಲ್ಲಿ ಜಗದ್ಗುರುಗಳು ಆ ಹಕ್ಕನ್ನು ಮೊಟಕುಗೊಳಿಸಿದಾಗ, ದೂರದ ಎರಡು ನಗರಗಳ ಜಗಳಕ್ಕೆ ಇಲ್ಲಿನ ಕಥೋಲಿಕರು ಎರಡು ಪಕ್ಷಗಳಾಗಬೇಕಾಯಿತು. ಕೊಡೆ ಹಿಡಿದವನ ಕೈ ನಡುಗಿದರೆ ಕೊಡೆಯ ಕೆಳಗಿದ್ದವನು ನೆನೆಯಲೇಬೇಕಲ್ಲವೇ?

ಇಲ್ಲಿ ಒಂದು ಆಕ್ಷೇಪ ಬರಬಹುದು. ಗುರುಗಳ ಮನಸ್ಸಾಕ್ಷಿಯನ್ನು ಹೀಗೆ ಪಟ್ಟಿಮಾಡಿ, ಶೇಕಡಾ ಲೆಕ್ಕ ಹಾಕಿ, ಸೀಮೆ ಸೀಮೆಯ ಸಮಾಜಕ್ಕೆ ಕಟ್ಟಿಹಾಕಿದರೆ ದೈವಕೃಪೆಗೆ ಜಾಗವೆಲ್ಲಿ? ರಕ್ತಸಾಕ್ಷಿಗಳ ಮಹಿಮೆಗೆ ಇದು ಕುಂದಲ್ಲವೇ? ಈ ಆಕ್ಷೇಪವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಬಿತ್ತುವವನ ಸಾಮತಿಯಲ್ಲಿ ಪ್ರಭು ಯೇಸುವೇ ನೆಲದ ಮಾತನ್ನಾಡಿದ್ದಾರೆ. ಬೀಜ ದೇವರದು, ದಾರಿಯ ಬದಿ, ಬಂಡೆ, ಮುಳ್ಳು, ಹದವಾದ ನೆಲ ಎಂಬ ಭೇದ ನಮ್ಮದು. ಇತಿಹಾಸಕಾರ ಅಳೆಯುವುದು ನೆಲವನ್ನು, ಬೀಜವನ್ನಲ್ಲ. ಕೊಂಪಿಯೇನ್‌ನ 16 ಮಂದಿಯ ಪವಿತ್ರತೆ ಯಾವ ಲೆಕ್ಕದಿಂದಲೂ ಹುಟ್ಟಿದ್ದಲ್ಲ, ಯಾವ ಲೆಕ್ಕದಿಂದಲೂ ಅಳಿಯುವುದಿಲ್ಲ. ಅವರ ಸುತ್ತಲಿನ ಸಾವಿರಾರು ದುರ್ಬಲ ಮನುಷ್ಯರನ್ನು ತಿಳಿದುಕೊಂಡಾಗ ಆ ಪವಿತ್ರತೆ ನಮಗೆ ಇನ್ನಷ್ಟು ಹತ್ತಿರವಾಗುತ್ತದೆ.

ಮುಂದಿನ ಕಥೆಯೂ ಇದನ್ನೇ ಹೇಳುತ್ತದೆ. ಆರನೆಯ ಪಯಸ್ ಜಗದ್ಗುರುಗಳು 1799ರಲ್ಲಿ ಫ್ರೆಂಚರ ಸೆರೆಯಾಳಾಗಿ ವಾಲಾನ್ಸ್ ನಗರದಲ್ಲಿ ಕಣ್ಮುಚ್ಚಿದರು. ಅವರ ಉತ್ತರಾಧಿಕಾರಿ ಏಳನೆಯ ಪಯಸ್ 1801ರಲ್ಲಿ ನೆಪೋಲಿಯನ್ನನೊಡನೆ ಒಪ್ಪಂದ ಮಾಡಿಕೊಂಡಾಗ, ನಿಷ್ಠರಾಗಿದ್ದ ಹಳೆಯ ಧರ್ಮಾಧ್ಯಕ್ಷರನ್ನೂ ರಾಜೀನಾಮೆ ಕೊಡುವಂತೆ ಕೇಳಿಕೊಂಡರು. ಪ್ರಮಾಣ ಮಾಡಿದವರಲ್ಲಿ ಕೆಲವರನ್ನು ಹೊಸ ಪೀಠಗಳಿಗೆ ಅಂಗೀಕರಿಸಿದರು. ಹಳೆಯ ಗಾಯಗಳನ್ನು ಮಾಯಿಸಲು ಧರ್ಮಸಭೆಯೇ ಹೀಗೆ ಬಾಗಿತು. ಆದರೆ 1814ರ ನಂತರ ಅರಸರು ಮರಳಿ ಬಂದಾಗ ಹಳೆಯ ಬೆಸುಗೆಯನ್ನು ಮತ್ತೆ ಹಾಕುವ ಆಸೆ ಅನೇಕರಲ್ಲಿ ಹುಟ್ಟಿತು. 1825ರಲ್ಲಿ ಹತ್ತನೆಯ ಚಾರ್ಲ್ಸ್ ರೇಮ್ಸ್‌ನಲ್ಲಿ ಅಭಿಷೇಕ ಮಾಡಿಸಿಕೊಂಡ. ಪವಿತ್ರ ವಸ್ತುಗಳನ್ನು ಅಪವಿತ್ರಗೊಳಿಸಿದವರಿಗೆ ಮರಣದಂಡನೆ ವಿಧಿಸುವ ಕಾನೂನು ಬಂದಿತು. 1830ರಲ್ಲಿ ಜನ ಅವನನ್ನು ಓಡಿಸಿದಾಗ ಪ್ಯಾರಿಸಿನ ಮಹಾಧರ್ಮಾಧ್ಯಕ್ಷರ ನಿವಾಸವೂ ಲೂಟಿಯಾಯಿತು.

1892ರಲ್ಲಿ 13ನೆಯ ಲಿಯೋ ಜಗದ್ಗುರುಗಳು ಫ್ರಾನ್ಸಿನ ಕಥೋಲಿಕರಿಗೆ ವಿಶ್ವಪತ್ರ ಬರೆದು, ಗಣರಾಜ್ಯವನ್ನು ಒಪ್ಪಿಕೊಂಡು ಅದರೊಳಗಿದ್ದೇ ಒಳ್ಳೆಯ ಕಾನೂನುಗಳಿಗಾಗಿ ದುಡಿಯಿರಿ ಎಂದು ಬುದ್ಧಿ ಹೇಳಿದರು. ಅರಸೊತ್ತಿಗೆಯನ್ನೇ ಧರ್ಮವೆಂದು ನಂಬಿದ್ದ ಎಷ್ಟೋ ಕುಟುಂಬಗಳು ಇದನ್ನು ಕೇಳಿ ನೊಂದವು. ಜಗದ್ಗುರುಗಳಿಗಿಂತ ತಾವೇ ಹೆಚ್ಚು ಕಥೋಲಿಕರೆಂಬಂತೆ ನಡೆದುಕೊಂಡವು. ಕೊನೆಗೆ ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಈ ವಿಷಯಕ್ಕೆ ಸ್ಪಷ್ಟವಾದ ಮಾತು ಕೊಟ್ಟಿತು. ಧರ್ಮಸಭೆಯು ಯಾವ ರಾಜಕೀಯ ವ್ಯವಸ್ಥೆಗೂ ಕಟ್ಟುಬಿದ್ದದ್ದಲ್ಲ, ಆಳುವವರು ಕೊಡುವ ವಿಶೇಷ ಸವಲತ್ತುಗಳ ಮೇಲೆ ಅದು ತನ್ನ ಭರವಸೆಯನ್ನು ಇಡುವುದಿಲ್ಲ ಎಂಬುದು ಆ ಬೋಧನೆಯ ಸಾರ.

ಅಲ್ಪಸಂಖ್ಯಾತರಾಗಿ ಬಾಳುವ ನಮಗೆ ಈ ಮಾತು ಬರಿಯ ಇತಿಹಾಸವಲ್ಲ. ಯಾವುದಾದರೂ ಒಂದು ಅಧಿಕಾರದ ಕೊಡೆಯ ಕೆಳಗೆ ಸೇರಿಕೊಂಡರೆ ನೆಮ್ಮದಿ ಎಂಬ ಯೋಚನೆ ಚುನಾವಣೆ ಬಂದಾಗಲೆಲ್ಲ ನಮ್ಮ ನಡುವೆಯೂ ಸುಳಿಯುತ್ತದೆ. ಪ್ರಜೆಗಳಾಗಿ ನಮ್ಮ ಹಕ್ಕುಗಳನ್ನು ಕೇಳುವುದು, ಮತ ಚಲಾಯಿಸುವುದು, ಅನ್ಯಾಯವನ್ನು ಪ್ರಶ್ನಿಸುವುದು ನಮ್ಮ ಕರ್ತವ್ಯ. ಆದರೆ ಹಕ್ಕು ಬೇರೆ, ಆಶ್ರಯ ಬೇರೆ. ಹಕ್ಕು ಎಲ್ಲರದು, ಅದು ನೆರೆಮನೆಯವನಿಗೂ ಸಲ್ಲುತ್ತದೆ. ಆಶ್ರಯ ಕೊಟ್ಟವನು ನಾಳೆ ಅದರ ಬೆಲೆಯನ್ನು ಕೇಳುತ್ತಾನೆ. ಅವನು ಬಿದ್ದರೆ ಅವನ ಮೇಲಿನ ಸಿಟ್ಟು ನಮ್ಮ ಮೇಲೂ ತಿರುಗುತ್ತದೆ.

ಇನ್ನೊಂದು ಮಾತು. ಒತ್ತಡದ ಕಾಲದಲ್ಲಿ ಬೇರೆ ತೀರ್ಮಾನ ಮಾಡಿದವರನ್ನು ದ್ರೋಹಿಗಳೆಂದು ಕರೆಯುವ ಮುನ್ನ ಒಂದು ಕ್ಷಣ ತಡೆಯೋಣ. ಪ್ರಮಾಣ ಮಾಡಿದ ಆ ಹಳ್ಳಿಯ ಗುರುವಿನ ಎದುರು ಅವನ ಜನರಿದ್ದರು, ರೋಮಿನಿಂದ ಮಾತಿಲ್ಲದ ಆ ತಿಂಗಳುಗಳಿದ್ದವು. ಅವನು ತಪ್ಪಿದನೆಂದೇ ಧರ್ಮಸಭೆ ತೀರ್ಪಿತ್ತಿತು. ನಾವೂ ಅದನ್ನು ಒಪ್ಪುತ್ತೇವೆ. ಆದರೆ ತಪ್ಪನ್ನು ತಪ್ಪೆಂದು ಹೇಳಿ ತಪ್ಪಿದವನನ್ನು ಮರಳಿ ಅಪ್ಪಿಕೊಳ್ಳುವುದನ್ನು ಅದೇ ಧರ್ಮಸಭೆ ನಮಗೆ ಕಲಿಸಿದೆ.

ಕಡೆಯದಾಗಿ, ಆ ಎರಡು ಭೂಪಟಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳೋಣ. ವಿಶ್ವಾಸವನ್ನು 150 ವರ್ಷ ಕಾಪಾಡಿದ್ದು ರೇಮ್ಸ್ ನಗರದ ತೈಲಾಭಿಷೇಕವಲ್ಲ. ಮಗುವಿಗೆ ಶಿಲುಬೆಯ ಗುರುತು ಹಾಕಲು ಕಲಿಸಿದ ತಾಯಿ, ತಮ್ಮ ನಡುವೆಯೇ ಹುಟ್ಟಿ ಬೆಳೆದ ಗುರು, ಕಷ್ಟಸುಖಗಳಿಗೆ ಒಟ್ಟುಗೂಡುವ ಧರ್ಮಕೇಂದ್ರ, ಇವೇ ಅದನ್ನು ಕಾಪಾಡಿದವು. ನಮ್ಮ ಮನೆಗಳಲ್ಲಿ ಸಂಜೆಯ ಜಪಸರ ಇನ್ನೂ ನಡೆಯುತ್ತಿದೆಯೇ? ನಮ್ಮ ಗುರುಗಳು ಊಟ ಮಾಡಿದರೋ ಇಲ್ಲವೋ ಎಂದು ವಿಚಾರಿಸುವವರು ನಮ್ಮ ವಾಳೆಯಲ್ಲಿ ಯಾರಾದರೂ ಇದ್ದಾರೆಯೇ? ನಮ್ಮ ಮಕ್ಕಳಲ್ಲಿ ಒಬ್ಬನಾದರೂ ಗುರುವಾಗಲು ಬಯಸಿದರೆ ನಾವು ಸಂತೋಷಪಡುವೆವೇ? ಮುಂದೊಂದು ದಿನ ಯಾರಾದರೂ ಇತಿಹಾಸಕಾರ ನಮ್ಮ ಸೀಮೆಯ ಭೂಪಟವನ್ನು ಬರೆಯುವಾಗ ಹುಡುಕುವುದು ಈ ಪ್ರಶ್ನೆಗಳ ಉತ್ತರವನ್ನೇ. ಅದನ್ನು ಇಂದು ಬರೆಯುತ್ತಿರುವವರು ನಾವೇ.